ಕೊಡದೆ ಇಟ್ಟ ಅಳತೆ ರವಿಕೆ

ಮೊದಲ ಗೌನನ್ನು ಹ್ಯಾಂಗರಿಗೆ ಹಾಕಿ ತೋರಿಸಿದಾಗ ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಅಕ್ಕ, ಇದು ಗೌನಲ್ಲ ಮಾರಾಯ್ತಿ. ರವಿಕೆಯ ಕೆಳಗೆ ಲಂಗ ಹೊಲಿದು ಕೂರಿಸಿದ್ದಿ."

ಅವಳು ಹೇಳಿದ್ದು ಸರಿಯಾಗಿತ್ತು. ಇಲ್ಲಿ ಮಲೇಶಿಯಾದಲ್ಲಿ, ಬ್ರಿಕ್‌ಫೀಲ್ಡ್ಸಿನ ಒಂದು ಸೀರೆ ಅಂಗಡಿಯ ಮಾಳಿಗೆಯ ಮೇಲೆ ಕೂತು ನಾನು ಹೊಲಿಯುವುದು ರವಿಕೆ, ಲಂಗ, ಚೂಡಿದಾರ. ಎದೆಗೆ ಡಾರ್ಟಿನ ಮಡಿಕೆ ಹಿಡಿಯದೆ, ಸೊಂಟಕ್ಕೆ ಬಿಗಿ ತರದೆ ಬಟ್ಟೆ ಕತ್ತರಿಸುವುದು ನನ್ನ ಕೈಗೆ ಬರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಉಡುಪು. ಅದರಲ್ಲಿ ಸೊಂಟವೇ ಇಲ್ಲ. ಎದೆಯ ಕೆಳಗೆ ಒಂದು ಪಟ್ಟಿ, ಅಲ್ಲಿಂದ ಪಾದದವರೆಗೆ ಬಟ್ಟೆ ನೇರವಾಗಿ ಇಳಿಯಬೇಕು, ಅಷ್ಟೆ.

ತಂಗಿ ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಾಳೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಕಾದಂಬರಿಗಳು ಅವಳ ವಿಷಯ. ಆ ಪುಸ್ತಕಗಳಲ್ಲಿ ಯಾರು ಯಾರನ್ನು ಮದುವೆಯಾಗಬಹುದು, ಯಾರ ಮನೆಗೆ ಯಾರು ಮೊದಲು ಹೋಗಬೇಕು, ಒಬ್ಬನ ಜೊತೆ ಎಷ್ಟು ಸಲ ಕುಣಿದರೆ ಊರು ಮಾತಾಡುತ್ತದೆ ಎನ್ನುವುದೇ ಮುಖ್ಯ ಎಂದು ಅವಳು ನನಗೆ ಹೇಳಿದ್ದಳು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಅಂಥ ಪುಸ್ತಕ ಓದಿಲ್ಲ. ಅಮ್ಮ ಅಪ್ಪ ಇಬ್ಬರೂ ಇಲ್ಲದ್ದರಿಂದ ಕೆಲಸ ಸಿಕ್ಕಿ ಬಂದ ಮೇಲೆ ಅವಳು ನಮ್ಮ ಫ್ಲಾಟಿನಲ್ಲೇ ಇದ್ದಳು. ನನ್ನ ಗಂಡ ಅದೇ ರಸ್ತೆಯ ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು.

ಅವಳ ವಿದ್ಯಾರ್ಥಿಗಳು ಆ ಕಾಲದ ಹಲವು ಕಾದಂಬರಿಗಳ ರೀತಿ ರಿವಾಜು ನೋಡಿಕೊಂಡು ತಾವೇ ಒಂದು ನಾಟಕ ಬರೆದಿದ್ದರು. ದೊಡ್ಡ ಮನೆಯ ಒಬ್ಬ ಹುಡುಗಿ, ಜಮೀನು ಅಳೆಯಲು ಬಂದ ಒಬ್ಬ ಸರ್ವೇಯರ್, ಇಬ್ಬರ ನಡುವೆ ಹುಡುಗಿಯ ದೊಡ್ಡಮ್ಮ. ಬಾಡಿಗೆಗೆ ಸಿಗುವ ಉಡುಪು ಎಲ್ಲ ಕಾಲಕ್ಕೂ ಒಂದೇ ಥರ ಇರುತ್ತದೆ, ಅದು ಬೇಡ ಎಂದು ತಂಗಿ ಕೆಲಸ ನನಗೆ ತಂದಳು. ನಾನೂ ಖುಷಿಯಿಂದಲೇ ಒಪ್ಪಿದೆ.

ಕೋರಾ ಬಟ್ಟೆಯಲ್ಲಿ ಮತ್ತೆ ಮತ್ತೆ ಕತ್ತರಿಸಿ ಕಲಿತೆ. ಕಷ್ಟವಾದದ್ದು ಬೆನ್ನು. ನಮ್ಮ ರವಿಕೆಯಲ್ಲಿ ತೋಳಿನ ಹೊಲಿಗೆ ಭುಜದ ತುದಿಗೆ ಬರುತ್ತದೆ. ಈ ಗೌನಿನಲ್ಲಿ ಅದು ಹಿಂದಕ್ಕೆ, ಬೆನ್ನಿನ ಮೇಲೇ ಬರಬೇಕು. ಬೆನ್ನಿನ ತುಂಡು ಅಂಗೈಯಷ್ಟು ಅಗಲ. ತೊಟ್ಟವಳ ಭುಜ ತಾನಾಗಿ ಹಿಂದಕ್ಕೆ ಹೋಗುತ್ತದೆ, ಕೈ ತಲೆಯ ಮೇಲೆ ಎತ್ತಲಿಕ್ಕೆ ಆಗುವುದಿಲ್ಲ. "ಕೈ ಎತ್ತಿ ಮಾಡುವ ಕೆಲಸ ಇಲ್ಲದವರ ಬಟ್ಟೆ ಅದು" ಎಂದಳು ತಂಗಿ. ಕುತ್ತಿಗೆಗೆ ಹುಕ್ಕು ಇಲ್ಲ, ಒಳಗಿಂದ ಲಾಡಿ ಪೋಣಿಸಿ ಎಳೆದು ಕಟ್ಟಬೇಕು. ಅದೊಂದು ಮಾತ್ರ ನನಗೆ ಲಂಗದಿಂದಲೇ ಗೊತ್ತಿತ್ತು.

ಗಂಡಸರ ಕೋಟಿಗೆ ಹೊಸ ಬಟ್ಟೆ ತರಲಿಲ್ಲ. ಹಳೆಯ ಬಟ್ಟೆ ಮಾರುವ ಬಂಡಲ್ ಅಂಗಡಿಗಳಿಂದ ಕಪ್ಪು ಸೂಟುಗಳನ್ನು ಆರಿಸಿ ತಂದು, ಮುಂದಿನ ಭಾಗವನ್ನು ಹೊಟ್ಟೆಯ ಮೇಲಕ್ಕೆ ಕತ್ತರಿಸಿ, ಹಿಂದೆ ಬಾಲ ಉಳಿಸಿದೆ. ಅದನ್ನು ಹ್ಯಾಂಗರಿನ ಮೇಲೆ ನೋಡಿದರೆ ಸಾಲದು, ಮೈ ಬೇಕು. ಆ ಮೈಯಾಗಿ ಬಂದು ನಿಂತವನು ತಂಗಿ ಮೆಚ್ಚಿದ ಹುಡುಗ.

ಅವನು ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಎತ್ತುವ ಕ್ರೇನ್ ಓಡಿಸುತ್ತಾನೆ. ತಾಯಿ ಕುಮಟೆಯ ಕಡೆಯವರು, ಅವನು ಹುಟ್ಟಿ ಬೆಳೆದದ್ದು ಕ್ಲಾಂಗಿನಲ್ಲೇ. ಕನ್ನಡದವರ ಯುಗಾದಿ ಊಟದ ದಿನ ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದವನು ತಂಗಿಗೆ ಪರಿಚಯವಾದ. ಆಮೇಲೆ ಅವಳಿಂದ ಪುಸ್ತಕ ಒಯ್ದು ಓದತೊಡಗಿದ. ಅಂಗಡಿಯ ಕನ್ನಡಿಯ ಮುಂದೆ ಎರಡೂ ಕೈ ಅಗಲಿಸಿ ನಿಂತು, ಇಲ್ಲಿನವರ ಹಾಗೆ ಮಾತಿನ ಕೊನೆಗೆ 'ಲಾ' ಸೇರಿಸಿ ಅವನು ಹೇಳಿದ್ದು ನನಗೆ ನೆನಪಿದೆ.

"ಅಕ್ಕ, ಈ ಬುಕ್ಕಲ್ಲಿ ಯಾರಿಗೂ ಕೆಲಸಾನೇ ಇಲ್ಲ ಲಾ. ಬೆಳಿಗ್ಗೆ ಎದ್ದು ಇವರ ಮನೆಗೆ ಹೋಗ್ತಾರೆ, ಸಂಜೆ ಅವರ ಮನೆಗೆ ಹೋಗ್ತಾರೆ. ಮಕಾನ್, ಊಟ ತಿಂಡಿ, ಯಾರು ಮಾಡ್ತಾರೆ?"

"ಮಾಡುವವರು ಉಂಟು. ಅವರ ಹೆಸರು ಬರೆಯುವುದಿಲ್ಲ, ಅಷ್ಟೆ" ಎಂದಳು ತಂಗಿ.

"ಹಾಗಾದ್ರೆ ನಂದೂ ಬರಲ್ಲ."

"ಹೊಟ್ಟೆ ಒಳಗೆ ಎಳ್ಕೊ. ನಿನ್ನ ಹೆಸರು ಬರಬೇಕಾದ್ರೆ ಮೊದಲು ಗುಂಡಿ ಹಾಕ್ಲಿಕ್ಕೆ ಆಗಬೇಕು."

"ಕ್ರೇನಲ್ಲಿ ಕೂತು ಕೂತು ಬಂದಿದೆ ಟೀಚರೇ, ಏನು ಮಾಡೋದು."

ನಾನು ಬಾಯಿಯಲ್ಲಿ ಗುಂಡುಸೂಜಿ ಹಿಡಿದಿದ್ದರಿಂದ ನಗಲಿಲ್ಲ. ಕೋಟು ಅವನಿಗೆ ಒಪ್ಪಿತ್ತು. ಒಪ್ಪಿದ್ದು ನನಗೆ ಹಿಡಿಸಲಿಲ್ಲ, ಅದನ್ನೂ ಹೇಳಬೇಕು.

ಅದೇ ವಾರ ಒಬ್ಬರು ಡಾಕ್ಟರಮ್ಮ ರವಿಕೆಗೆ ಬಟ್ಟೆ ಕೊಡಲು ಬಂದರು. ಉಡುಪಿಯ ಕಡೆಯವರು, ಇಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಇದ್ದಾರೆ. ಅಳತೆ ಕೊಡುತ್ತಾ, "ನಿಮ್ಮ ಸಿಸ್ಟರ್ ಲೆಕ್ಚರರ್ ಅಲ್ವಾ? ನಮ್ಮ ತಮ್ಮನಿಗೂ ನೋಡ್ತಾ ಇದ್ದೇವೆ. ಓದಿದವಳೇ ಬೇಕು ಅಂತಾನೆ" ಎಂದರು. ಅಷ್ಟೇ ಮಾತು. ಅವರು ಹೋದ ಮೇಲೆ ಅವರ ಬಟ್ಟೆಗೆ ಅಳತೆಯ ಚೀಟಿ ಸಿಕ್ಕಿಸುತ್ತಾ ಲೆಕ್ಕ ಹಾಕಿದೆ. ಅಕ್ಕ ಟೈಲರ್, ಭಾವ ಅಡುಗೆಯವರು, ಇನ್ನು ಗಂಡ ಕ್ರೇನ್ ಓಡಿಸುವವನು. ಹಾಗಾದರೆ ಇವಳು ಅಷ್ಟೆಲ್ಲ ಓದಿದ್ದು ಯಾಕೆ ಎಂದು ನನಗೆ ಅನಿಸಿತು.

ಕೆಲವು ದಿನ ಬಿಟ್ಟು ಕ್ರೇನಿನ ಹುಡುಗನ ತಾಯಿ ಬಂದರು. ಮಾತು ದೊಡ್ಡವರ ಮೂಲಕವೇ ಆಗಲಿ ಎಂದು ತಂಗಿಯೂ ಅವನೂ ಮಾತಾಡಿಕೊಂಡಿದ್ದರು, ಅದು ನನಗೆ ಗೊತ್ತಿತ್ತು. ತಾಯಿ ಕ್ಲಾಂಗಿನಿಂದ ರೈಲಿನಲ್ಲಿ ಬಂದು, ಮೆಟ್ಟಿಲು ಹತ್ತಿ, ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡರು. ಮನೆಯಲ್ಲಿ ಮಾಡಿದ ಚಕ್ಕುಲಿಯ ಡಬ್ಬ ಮೇಜಿನ ಮೇಲೆ ಇಟ್ಟರು.

"ಮಗಾ, ನಮ್ಮಲ್ಲಿ ನಿಶ್ಚಯದ ಸೀರೆಯ ರವಿಕೆ ಗಂಡಿನ ಮನೆಯವರೇ ಹೊಲಿಸಿ ತರುದು. ನಿಂಗೆ ಗೊತ್ತಿಲ್ದೆ ಇಲ್ಲ. ಒಂದು ಅಳತೆ ರವಿಕೆ ಕೊಡ್ತ್ಯಾ? ಹೊಲಿಯುದೂ ನೀನೇ ಹೊಲಿ, ಆದ್ರೆ ನಮ್ಮ ಕೈಯಿಂದ ಕೊಟ್ಟ ಹಾಗೆ ಆಗ್ಲಿ."

ನಮ್ಮ ಕಡೆ ಅಳತೆ ರವಿಕೆ ಕೇಳುವುದೆಂದರೆ ಹೆಣ್ಣು ಕೇಳುವುದು. ಕೊಟ್ಟರೆ ಒಪ್ಪಿಗೆ. ಬೇಡವಾದರೆ ಜಾತಕ ಕೂಡಲಿಲ್ಲ ಎಂದೋ, ಈ ವರ್ಷ ಬೇಡ ಎಂದೋ ನೇರವಾಗಿ ಹೇಳುತ್ತಾರೆ. ನಾನು ಎರಡೂ ಮಾಡಲಿಲ್ಲ.

"ಅದಕ್ಕೆಂತ ಅಮ್ಮ, ಕೊಡ್ತೇನೆ. ಅವಳ ನಾಟಕದ ಬಟ್ಟೆಯದ್ದೇ ರಾಶಿ ಕೆಲಸ ಉಂಟು ನೋಡಿ. ಅದೊಂದು ಮುಗೀಲಿ."

"ಆಗ್ಲಿ ಮಗಾ. ಕೆಲಸ ಮುಖ್ಯ" ಎಂದು ಅವರು ಎದ್ದರು.

ಅವರು ಹೋದ ಮೇಲೆ ಮನೆಯಿಂದ ತಂಗಿಯ ಒಂದು ರವಿಕೆ ತಂದು, ಪ್ಲಾಸ್ಟಿಕ್ ಕವರಿಗೆ ಹಾಕಿ ಹೊಲಿಗೆ ಮೆಷಿನ್ನಿನ ಹಿಂದಿನ ಮೊಳೆಗೆ ತೂಗುಹಾಕಿದೆ. ಕೇಳಿದರೆ ಕೊಡಲು ತೆಗೆದಿಟ್ಟಿದ್ದೇನೆ ಎಂದು ಹೇಳಬಹುದಲ್ಲ. ತಂಗಿಗೆ ಮಾತ್ರ, ಅವರು ಬಂದಿದ್ದರು ಎಂದು ಹೇಳಲಿಲ್ಲ. ಚಕ್ಕುಲಿಯನ್ನು ಅಕ್ಕಪಕ್ಕದ ಅಂಗಡಿಯವರಿಗೆ ಹಂಚಿದೆ.

ಆಮೇಲೆ ಫೋನುಗಳು ಬಂದವು. ಟೈಲರುಗಳಿಗೆ ಒಂದು ಮಾತು ಅಭ್ಯಾಸವಾಗಿರುತ್ತದೆ. ಬಟ್ಟೆ ಇನ್ನೂ ಕತ್ತರಿಸಿಯೇ ಇರುವುದಿಲ್ಲ, ಆದರೂ "ಆಗ್ತಾ ಬಂತು, ಈ ವಾರ ಕಳೀಲಿ" ಎನ್ನುತ್ತೇವೆ. ಗಿರಾಕಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ, ನಮಗೂ ಗೊತ್ತಿರುತ್ತದೆ, ಅದರಲ್ಲಿ ಯಾರಿಗೂ ಬೇಜಾರಿಲ್ಲ. ಹುಡುಗನ ತಾಯಿಗೆ ನಾನು ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಾ ಹೋದೆ. ಅವರು ಪ್ರತಿ ಸಲವೂ "ಆಗ್ಲಿ ಮಗಾ" ಎನ್ನುತ್ತಿದ್ದರು. ಕೊನೆಯ ಸಲ "ಆಗ್ಲಿ" ಎಂದಷ್ಟೇ ಹೇಳಿದರು. ಮತ್ತೆ ಫೋನ್ ಬರಲಿಲ್ಲ.

ಈ ನಡುವೆ ಕೆಲಸದಲ್ಲಿ ದೊಡ್ಡ ತಪ್ಪು ಮಾಡಿದೆ. ದೊಡ್ಡ ಮನೆಯ ಹುಡುಗಿಗೆ ಬಿಳಿ ಮಲ್ ಬಟ್ಟೆ, ಅವಳ ಜೊತೆಗೆ ಇರುವ ಬಡ ಸಂಬಂಧಿಕ ಹುಡುಗಿಗೆ ಬಣ್ಣದ ಅಚ್ಚಿನ ಬಟ್ಟೆ ಎಂದು ತಂಗಿ ಮೊದಲೇ ಹೇಳಿದ್ದಳು. ಅವಳು ಅವಸರದಲ್ಲಿ ತಿರುಗುಮುರುಗು ಹೇಳಿರಬೇಕು ಎಂದುಕೊಂಡೆ. ಮದುವೆಯಾಗಬೇಕಾದ ಹುಡುಗಿಗೆ, ಅದೂ ಶ್ರೀಮಂತರ ಮನೆಯವಳಿಗೆ, ಅಂಚಿಲ್ಲದ ಬರಿ ಬಿಳಿ ತೊಡಿಸಲು ನನಗೆ ಮನಸ್ಸು ಬರಲಿಲ್ಲ. ಅವಳಿಗೆ ಗುಲಾಬಿ ಸ್ಯಾಟಿನ್ ತಂದು, ಅಂಚಿಗೆ ಹೊಳೆಯುವ ಲೇಸ್ ಕೊಟ್ಟೆ. ಬಿಳಿಯದನ್ನು ಬಡ ಹುಡುಗಿಗೆ ಹೊಲಿದೆ. ನೆರಿಗೆ, ಪೈಪಿಂಗ್, ತೋಳಿನ ಉಬ್ಬು ಎಲ್ಲ ಮುಗಿಸಿ ಇಸ್ತ್ರಿ ಹಾಕಿಟ್ಟೆ.

ತಂಗಿ ಬಂದು ನೋಡಿದಳು. ಈ ಸಲ ನಗಲಿಲ್ಲ.

"ಅಕ್ಕ, ನಾನು ಬಿಳಿ ಅಂತ ಹೇಳಿದ್ದೆ."

"ಬಿಳಿ ಎಂತಕ್ಕೆ ಮಾರಾಯ್ತಿ, ಅವಳು ದುಡ್ಡಿನವಳಲ್ವಾ? ನಾಲ್ಕು ಜನರ ಕಣ್ಣಿಗೆ ಕಾಣಬೇಡ್ವಾ?"

"ಬಿಳಿ ಅಂದ್ರೇ ದುಡ್ಡು. ಅದು ಕೆಸರಿನ ಊರು. ಬಿಳಿ ಹಾಕಿ ಓಡಾಡಿದ್ರೆ ಒಗೀಲಿಕ್ಕೆ, ಒಣಗಿಸ್ಲಿಕ್ಕೆ ಆಳು ಬೇಕು. ಕೆಲಸ ಮಾಡುವವಳಿಗೆ ಅಚ್ಚಿನ ಬಟ್ಟೆ, ಕೊಳೆ ಕಾಣದ ಹಾಗೆ. ಜನ ನೋಡಿದ ಕೂಡಲೇ ಯಾರು ಯಾರಿಗೆ ನಮಸ್ಕಾರ ಮಾಡಬೇಕು ಅಂತ ಗೊತ್ತಾಗುವುದೇ ಅದರಿಂದ."

"ಹಾಗಾದ್ರೆ ಆ ನಾಟಕದಲ್ಲಿ ನಾನು ಅಚ್ಚಿನ ಬಟ್ಟೆಯವಳು."

"ನಾನೂ ಅದೇ" ಎಂದಳು ಅವಳು.

ಎರಡೂ ಗೌನುಗಳ ಹೊಲಿಗೆ ಬಿಚ್ಚಿದೆ. ಇಬ್ಬರು ಹುಡುಗಿಯರ ಮೈಯೂ ಬೇರೆ ಬೇರೆ. ಮಲ್ ಬಟ್ಟೆ ತೆಳು, ಒಮ್ಮೆ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ. ಬಟ್ಟೆಯನ್ನು ಒದ್ದೆ ಮಾಡಿ, ಉಗುರಿನಿಂದ ಎಳೆ ಸರಿಸಿ ತೂತು ಮುಚ್ಚಿ, ಮತ್ತೆ ಗಂಜಿ ಹಾಕಿದೆ. ಇಲ್ಲಿನ ಸೆಕೆಗೆ ಗಂಜಿ ನಿಲ್ಲುವುದಿಲ್ಲ, ಮಧ್ಯಾಹ್ನದ ಮಳೆ ಬಂದರೆ ಬಟ್ಟೆ ಮತ್ತೆ ಜೋಲು. ತಂಗಿಯೂ ಕಾಲೇಜು ಮುಗಿಸಿ ಬಂದು ಪಕ್ಕದಲ್ಲಿ ಕೂತು ಬಿಚ್ಚುತ್ತಿದ್ದಳು. ಅವಳ ಎದುರಿನ ಮೊಳೆಯಲ್ಲೇ ಆ ಕವರು ತೂಗುತ್ತಿತ್ತು.

ಒಂದು ದಿನ ದಾರ ಕಡಿಯುತ್ತಾ ಕೇಳಿದಳು. "ಅಕ್ಕ, ಅಂಗಡಿಗೆ ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ? ಗಿರಾಕಿಗಳು ಬರ್ತಾರೆ."

"ಅಲ್ಲ, ಕ್ಲಾಂಗಿನಿಂದ."

"ಇಲ್ಲಪ್ಪ" ಎಂದೆ. ಮೆಷಿನ್ ಓಡಿಸಿದೆ.

ಅವಳು ಮತ್ತೆ ಕೇಳಲಿಲ್ಲ. ಅವನು ಕೋಟಿನ ಎರಡನೆಯ ಟ್ರಯಲ್ಲಿಗೆ ಬರಲಿಲ್ಲ. ಶಿಫ್ಟ್ ಬದಲಾಗಿದೆ, ನಾಟಕ ಚೆನ್ನಾಗಿ ಆಗಲಿ ಎಂದು ತಂಗಿಗೆ ಒಂದು ಮೆಸೇಜು ಮಾತ್ರ ಬಂದಿತ್ತು. ಬಾಲದ ಕೋಟನ್ನು ಹ್ಯಾಂಗರಿಗೇ ಹಾಕಿ, ಊಹೆಯ ಮೇಲೆ ಮುಗಿಸಿದೆ. ಅವನ ತಾಯಿ ಮನಸ್ಸು ಬದಲಾಯಿಸಿದ್ದಾರೆ ಎಂದು ತಂಗಿ ತಿಳಿದಳು. ತಂಗಿಯೇ ಅಕ್ಕನ ಕೈಯಲ್ಲಿ ನೆಪ ಹೇಳಿಸಿದ್ದಾಳೆ ಎಂದು ಅವನು ತಿಳಿದ. ಕೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಕೇಳಬೇಕಾದವರು ತಾವಲ್ಲ ಎಂದು ಇಬ್ಬರೂ ಕೂತರು. ಎಲ್ಲ ನನಗೆ ಗೊತ್ತಿತ್ತು. ತಂಗಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಕಾಲೇಜಿನಿಂದ ಬರುವಾಗ ಏನಾದರೂ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಬಂದು ಅರ್ಧ ತಿಂದು ಇಡುತ್ತಿದ್ದಳು. ಸ್ವಲ್ಪ ದಿನ ಕಳೆದರೆ ಸರಿಹೋಗುತ್ತಾಳೆ, ಆಮೇಲೆ ಡಾಕ್ಟರಮ್ಮನ ವಿಷಯ ತೆಗೆಯೋಣ ಎಂದು ನಾನು ಅಂದುಕೊಂಡಿದ್ದೆ.

ಉಡುಪು ಹಾಕಿಕೊಂಡು ಮಾಡುವ ಮೊದಲ ತಾಲೀಮಿಗೆ ನಾನು ಕಾಲೇಜಿಗೆ ಹೋದೆ. ಹಾಲಿನ ಪಕ್ಕದ ಪರದೆಯ ಮರೆಯಲ್ಲಿ ಸೂಜಿ ದಾರ ಹಿಡಿದು ಕೂತೆ. ಓಡಾಡುವಾಗ ಎಲ್ಲಿ ಹರಿಯುತ್ತದೆ, ಯಾರು ಅಂಚು ತುಳಿಯುತ್ತಾರೆ ಎಂದು ನೋಡುವುದು ನನ್ನ ಕೆಲಸ. ಸಂಭಾಷಣೆ ಇಂಗ್ಲಿಷಿನಲ್ಲಿತ್ತು. ಅಂಗಡಿಯಲ್ಲಿ ಕೂತು ಕೂತು ನನಗೂ ಅರ್ಥವಾಗುವಷ್ಟು ಇಂಗ್ಲಿಷ್ ಬಂದಿದೆ.

ಒಂದು ದೃಶ್ಯ. ಸರ್ವೇಯರನ ಸೋದರತ್ತೆ ದೊಡ್ಡ ಮನೆಗೆ ಬಂದು, ತನ್ನ ಹೆಸರಿನ ಚೀಟಿಯನ್ನು ಬಾಗಿಲ ಬಳಿಯ ತಟ್ಟೆಯಲ್ಲಿ ಇಟ್ಟು ಹೋಗುತ್ತಾಳೆ. ಆ ಕಾಲದ ಪದ್ಧತಿಯಂತೆ ಹುಡುಗಿಯ ದೊಡ್ಡಮ್ಮ ಅವರ ಮನೆಗೆ ಹೋಗಿ ಬರಬೇಕು. ಹೋದರೆ ಸಂಬಂಧ ಬೆಳೆಯುತ್ತದೆ. ದೊಡ್ಡಮ್ಮ ಹೋಗುವುದಿಲ್ಲ. ಕೆಲಸದವಳು ಹೂದಾನಿಯ ಹೂ ಬದಲಿಸುತ್ತಾಳೆ, ಮತ್ತೆ ಬದಲಿಸುತ್ತಾಳೆ, ಚೀಟಿ ತಟ್ಟೆಯಲ್ಲೇ ಇರುತ್ತದೆ. ಯಾರಾದರೂ ಕೇಳಿದರೆ ದೊಡ್ಡಮ್ಮ ನಗುತ್ತಾ, ಈ ವಾರ ಪುರುಸೊತ್ತಿಲ್ಲ, ಮುಂದಿನ ವಾರ ಖಂಡಿತ ಹೋಗುತ್ತೇನೆ ಎನ್ನುತ್ತಾಳೆ.

ದೊಡ್ಡಮ್ಮನ ಪಾತ್ರದ ಚೀನೀ ಹುಡುಗಿ ಆ ಮಾತನ್ನು ಹಲ್ಲು ಕಚ್ಚಿ ಹೇಳಿದಳು. ತಂಗಿ ತಡೆದಳು. ಸಿಟ್ಟು ಬೇಡ, ತುಂಬಾ ಮರ್ಯಾದೆಯಿಂದ ಹೇಳು ಎಂದಳು. ಇವಳು ಕೆಟ್ಟವಳಲ್ಲ, ಹುಡುಗಿಯ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದು ನಂಬಿದ್ದಾಳೆ. ಇವಳು ಏನೂ ಮಾಡುವುದಿಲ್ಲ, ಇವಳು ಮಾಡುವ ಕೆಲಸವೇ ಅದು ಎಂದಳು.

ಹಿಂದಿನಿಂದ ಸರ್ವೇಯರನ ಪಾತ್ರದವನು ಕೂಗಿದ. "ಮಿಸ್, ಇವರಿಬ್ಬರು ಸುಮ್ನೆ ವಾಟ್ಸಾಪ್ ಮಾಡ್ಬಾರ್ದಾ ಲಾ?" ಎಂಬ ಅರ್ಥದ ಮಾತು. ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. "ಫೋನಿದ್ದರೂ ಮಾಡುವುದಿಲ್ಲ" ಎಂದು ಪುಸ್ತಕ ನೋಡುತ್ತಾ ಹೇಳಿದಳು.

ನಾನು ದೊಡ್ಡಮ್ಮನ ಶಾಲಿನ ಅಂಚು ಮಡಿಸುತ್ತಿದ್ದೆ. ಹೊಲಿಗೆ ಓರೆಯಾಯಿತು. ಬಿಚ್ಚಿ ಮತ್ತೆ ಹಾಕಿದೆ, ಮತ್ತೆ ಓರೆಯಾಯಿತು.

ಹಿಂತಿರುಗುವಾಗ ರೈಲಿನಲ್ಲಿ ಅಕ್ಕಪಕ್ಕ ಕೂತಿದ್ದೆವು. ಬಟ್ಟೆಯ ಚೀಲಗಳು ಮಡಿಲಲ್ಲಿದ್ದವು. ನಾನು ಕೇಳಿದೆ. "ಆ ದೊಡ್ಡಮ್ಮನಿಗೆ ಕಡೆಗೆ ಎಂತ ಆಗ್ತದೆ?"

"ಎಂತದೂ ಆಗುವುದಿಲ್ಲ ಅಕ್ಕ. ಆ ಪುಸ್ತಕಗಳಲ್ಲಿ ಅಂಥವರಿಗೆ ಶಿಕ್ಷೆ ಗಿಕ್ಷೆ ಇಲ್ಲ. ಕಡೆಯ ಅಧ್ಯಾಯದಲ್ಲಿ ಮದುವೆಗೆ ಕರೀತಾರೆ. ಅತಿಥಿಯ ಹಾಗೆ ಬಂದು ಕೂತು ಊಟ ಮಾಡಿ ಹೋಗ್ತಾರೆ."

"ಅಷ್ಟೆಯಾ?"

"ಅಷ್ಟು ಸಾಕಲ್ಲ."

ಪ್ರದರ್ಶನ ಮುಗಿದ ಮೇಲೆ ಹೇಳೋಣ ಎಂದು ಮೊದಲು ಯೋಚಿಸಿದೆ. ಅವಳ ಮನಸ್ಸು ಕೆಡಬಾರದು, ಕೆಲಸ ಕೆಡಬಾರದು ಎಂದು ಕಾರಣಗಳೂ ಸಿಕ್ಕಿದವು. ಆದರೆ "ಅದೊಂದು ಮುಗೀಲಿ" ಎನ್ನುವುದು ಆ ತಾಯಿಗೆ ನಾನು ಹೇಳಿದ ಮಾತೇ ಆಗಿತ್ತು. ಮಾರನೆಯ ದಿನ ಮಧ್ಯಾಹ್ನ ಅವಳು ಅಂಗಡಿಗೆ ಬಂದು ಬಿಳಿ ಗೌನಿನ ಕೆಳ ಅಂಚಿಗೆ ಗುಂಡುಸೂಜಿ ಚುಚ್ಚುತ್ತಾ ನೆಲದ ಮೇಲೆ ಕೂತಿದ್ದಾಗ ಹೇಳಿದೆ. ಅವನ ತಾಯಿ ಬಂದದ್ದು, ಕೇಳಿದ್ದು, ನಾನು ಹೇಳಿದ್ದು, ಫೋನುಗಳು. ಡಾಕ್ಟರಮ್ಮನ ತಮ್ಮನ ವಿಷಯವನ್ನೂ ಹೇಳಿದೆ.

ಅವಳು ಸೂಜಿ ಚುಚ್ಚುವುದನ್ನು ನಿಲ್ಲಿಸಲಿಲ್ಲ. ಗೌನಿನ ಸುತ್ತು ಪೂರ್ತಿ ಮುಗಿಸಿ, ಉಳಿದ ಸೂಜಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ಫೋನ್ ಮಾಡಿದಾಗ ಎಂತ ಹೇಳ್ತಿದ್ದಿ?"

"ನಾಟಕ ಮುಗೀಲಿ ಅಂತ."

"ನನ್ನ ನಾಟಕ."

"ಹೌದು."

"ನಮ್ಮದು ಯಾವ ಮನೆ ಅಂತ ಅಂದ್ಕೊಂಡಿದ್ದಿ ಅಕ್ಕ? ಹೋಟೆಲಿನ ಹಿಂಬಾಗಿಲಿಗೆ ಎದುರು ಬಾಡಿಗೆಗೆ ಇರುವವರು ನಾವು. ಬೆಳಿಗ್ಗೆ ಎದ್ದರೆ ಸಾಂಬಾರಿನ ಒಗ್ಗರಣೆ. ಆ ಕ್ರೇನಿನವರಿಗಿಂತ ಯಾವ ಲೆಕ್ಕದಲ್ಲಿ ಮೇಲೆ?"

"ನಿನಗೆ ಒಳ್ಳೆಯದಾಗಲಿ ಅಂತ" ಎಂದು ಶುರು ಮಾಡಿದೆ.

"ಅದು ಸ್ಕ್ರಿಪ್ಟಲ್ಲೇ ಉಂಟು" ಎಂದಳು.

ನಾನೇ ಕ್ಲಾಂಗಿಗೆ ಹೋಗಿ ಅವರ ಕಾಲು ಹಿಡಿದು ಬರುತ್ತೇನೆ ಎಂದೆ. ಬೇಡ ಎಂದಳು. "ನೀನು ಹೋದ್ರೆ ಮತ್ತೆ ನಿನ್ನದೇ ಮಾತಾಗ್ತದೆ. ರವಿಕೆ ಎಲ್ಲಿ?"

ಮೊಳೆಯ ಕಡೆ ತೋರಿಸಿದೆ. ಅಷ್ಟು ದಿನ ತನ್ನ ಎದುರಿಗೇ ತೂಗುತ್ತಿದ್ದ ಕವರನ್ನು ಅವಳು ಒಂದು ಕ್ಷಣ ನೋಡಿದಳು. ಕೈ ಹಾಕಿ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು. ಹೆಣ್ಣು ತಾನೇ ತನ್ನ ಅಳತೆ ರವಿಕೆ ಹಿಡಿದುಕೊಂಡು ಗಂಡಿನ ಮನೆಗೆ ಹೋದದ್ದನ್ನು ನಾನು ನಮ್ಮಲ್ಲಿ ಕಂಡಿಲ್ಲ.

ಆಗ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಆ ರವಿಕೆ ಅವಳಿಗೆ ಸರಿಯಾಗುವುದಲ್ಲ. ಅಂದು ಮನೆಯಲ್ಲಿ ಕಪಾಟು ತೆರೆದಾಗ, ಭುಜಕ್ಕೆ ಬಿಗಿಯಾಗುತ್ತದೆಂದು ಅವಳು ತೊಡುವುದನ್ನೇ ಬಿಟ್ಟಿದ್ದ ಹಳೆಯ ರವಿಕೆಯನ್ನು ನಾನು ಆರಿಸಿದ್ದೆ. ಕೊಡಲೇಬೇಕಾಗಿ ಬಂದರೂ ಸರಿಯಾದದ್ದು ಹೋಗದಿರಲಿ ಎಂದು ಕೈಗೆ ತೋಚಿತ್ತು. ಇಪ್ಪತ್ತು ಹೆಜ್ಜೆ ಓಡಿ ಹೋಗಿ, ಅದು ಬೇಡ, ಬೇರೆ ಒಯ್ಯಿ ಎನ್ನಬಹುದಿತ್ತು. ಹೇಳಿಕೊಂಡದ್ದೇ ಸಾಕಷ್ಟಾಯಿತು, ಇದನ್ನೂ ಹೇಳಿದರೆ ನನ್ನಲ್ಲಿ ಉಳಿಯುವುದೇನು ಎಂದು ಕೂತೇ ಇದ್ದೆ.

ಕ್ಲಾಂಗಿನಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಸಂಜೆ ಅವಳು ಬರಿಗೈಯಲ್ಲಿ ಹಿಂದೆ ಬಂದಳು. "ತಗೊಂಡ್ರು" ಎಂದಳು, ಸ್ನಾನಕ್ಕೆ ಹೋದಳು. ಭಾವನ ಜೊತೆ ಎಂದಿನಂತೆ ಮಾತಾಡುತ್ತಿದ್ದಳು. ನನ್ನ ಜೊತೆಗೂ ಮಾತಾಡುತ್ತಿದ್ದಳು, ಉಪ್ಪು ಕೊಡು, ಬೀಗ ಎಲ್ಲಿ ಎನ್ನುವಂಥ ಮಾತು.

ನಾಟಕ ನಡೆಯಿತು. ಮಳೆ ಬಂದು ಗಂಜಿ ಇಳಿಯಿತು. ಬಡ ಹುಡುಗಿಯ ಲಾಡಿ ಕುಣಿಯುವ ದೃಶ್ಯಕ್ಕೆ ಸ್ವಲ್ಪ ಮೊದಲು ಕಿತ್ತುಬಂತು, ಪಿನ್ನಿಗೆ ಸಿಕ್ಕಿಸಿ ಮತ್ತೆ ಪೋಣಿಸಿ ಕಟ್ಟಿದೆ. ಬಿಳಿ ಗೌನು ದೀಪದ ಬೆಳಕಿನಲ್ಲಿ ತಂಗಿ ಹೇಳಿದಂತೆಯೇ ಕಂಡಿತು, ಬೇರೆ ಬಣ್ಣಗಳೆಲ್ಲ ಅದರ ಮುಂದೆ ಕೆಲಸಕ್ಕೆ ಬಂದವರ ಹಾಗಿದ್ದವು. ಊಹೆಯ ಮೇಲೆ ಮುಗಿಸಿದ ಬಾಲದ ಕೋಟು ಆ ವಿದ್ಯಾರ್ಥಿಗೆ ಸಡಿಲವಾಯಿತು. ಅದರ ನಿಜವಾದ ಅಳತೆಯವನು ಕೊನೆಯ ಸಾಲಿನಲ್ಲಿ ಕೆಲಸದ ಬೂಟಿನಲ್ಲೇ ಬಂದು ಕೂತಿದ್ದ. ದೊಡ್ಡಮ್ಮನ ದೃಶ್ಯಕ್ಕೆ ಜನ ತುಂಬಾ ನಕ್ಕರು. ಆ ಹುಡುಗಿ ಅಷ್ಟು ಮರ್ಯಾದೆಯಿಂದ ಮಾಡಿದಳು.

ನಿಶ್ಚಿತಾರ್ಥ ಕ್ಲಾಂಗಿನ ಅವರ ಮನೆಯಲ್ಲಿ. ಮುಂದಿನ ಅಂಗಳಕ್ಕೆ ಶಾಮಿಯಾನ ಹಾಕಿ, ಪ್ಲಾಸ್ಟಿಕ್ ಕುರ್ಚಿ ಜೋಡಿಸಿದ್ದರು. ಸೀರೆ ಹಸಿರು, ಅಂಚು ಕೆಂಪು. ರವಿಕೆಯನ್ನು ಕ್ಲಾಂಗಿನಲ್ಲೇ ಯಾರೋ ಟೈಲರ್ ಹತ್ತಿರ ಹೊಲಿಸಿದ್ದರು. ಹೊಲಿ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಳ್ಳೆಯ ಕೆಲಸವೇ. ಆದರೆ ತಂಗಿ ಉಟ್ಟುಕೊಂಡು ಹೊರಗೆ ಬಂದಾಗ ಬಲ ಭುಜದ ಹಿಂದೆ ಹೊಲಿಗೆ ಎಳೆಯುತ್ತಿದ್ದುದು ನನಗೆ ದೂರದಿಂದಲೇ ಕಂಡಿತು. ಕೊಟ್ಟ ಅಳತೆಗೆ ಸರಿಯಾಗಿ ಹೊಲಿದಿದ್ದರು.

ಆರತಿಗೆ ಬಗ್ಗಿದಾಗ ಹಿಂದಿನ ಮೇಲಿನ ಹುಕ್ಕು ಬಿಟ್ಟಿತು. ನಾನು ಕುರ್ಚಿಯಿಂದ ಎದ್ದೆ. ಸೂಜಿ ದಾರ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಹುಡುಗನ ತಾಯಿಯೇ ಹೇಳಿದರು. "ಅಕ್ಕ ಇದ್ದಾಳಲ್ಲ, ಎರಡು ಹೊಲಿಗೆ ಹಾಕಿ ಕೊಡ್ತಾಳೆ."

ತಂಗಿ ನನ್ನ ಕಡೆ ತಿರುಗಿ ನಕ್ಕಳು. "ಬೇಡ ಅತ್ತೆ. ಇವತ್ತು ಅವಳು ಅತಿಥಿ. ಕೂತಿರಲಿ" ಎಂದಳು. ಪಕ್ಕದ ತಮಿಳು ಹೆಂಗಸಿನಿಂದ ಸೇಫ್ಟಿಪಿನ್ ಇಸಿದುಕೊಂಡು ಅವರಿಂದಲೇ ಹಾಕಿಸಿಕೊಂಡಳು.

ಕೂತೆ. ಊಟ ಬಡಿಸಿದಾಗ ಊಟ ಮಾಡಿದೆ. ಹುಡುಗನೇ ಬಂದು ಪಾಯಸ ಬಡಿಸಿ, "ಅಕ್ಕ, ಇನ್ನೊಂಚೂರು ಹಾಕ್ತೀನಿ ಲಾ" ಎಂದ. ಅವನಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂದು ನಾನು ಈವರೆಗೂ ವಿಚಾರಿಸಿಲ್ಲ.

ಆಮೇಲೆ ತಂಗಿ ಕಾಲೇಜಿನ ಹತ್ತಿರ ರೂಮು ಮಾಡಿಕೊಂಡು ಹೋದಳು. ಡಾಕ್ಟರಮ್ಮ ತಮ್ಮ ರವಿಕೆ ಒಯ್ಯಲು ಬಂದಾಗ "ನಿಮ್ಮ ಸಿಸ್ಟರಿಗೆ ನಿಶ್ಚಯ ಆಯ್ತಂತೆ, ಹುಡುಗ ಏನು ಮಾಡ್ತಾನೆ?" ಎಂದು ಕೇಳಿದರು. ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ ಎಂದೆ. ಅದನ್ನು ಹೇಳಲು ನನಗೆ ಒಂದು ಉಸಿರು ಹೆಚ್ಚಾಗಿ ಬೇಕಾಯಿತು. ಅಷ್ಟಾದ ಮೇಲೂ ಹಾಗೆ. ಅದನ್ನು ಮುಚ್ಚಿಡುವುದಿಲ್ಲ.

ಒಂದು ಶನಿವಾರ ಅಂಗಡಿಯಲ್ಲಿ ಗಿರಾಕಿಗಳಿದ್ದಾಗ ತಂಗಿ ಮೆಟ್ಟಿಲು ಹತ್ತಿ ಬಂದಳು. ಅವರೆಲ್ಲ ಹೋಗುವವರೆಗೆ ಬಾಗಿಲ ಬಳಿ ನಿಂತಿದ್ದಳು. ಬ್ಯಾಗಿನಿಂದ ನಿಶ್ಚಯದ ಆ ರವಿಕೆ ತೆಗೆದು ಮೇಜಿನ ಮೇಲೆ ಇಟ್ಟಳು.

"ಇದು ಭುಜಕ್ಕೆ ಎಳೀತದೆ. ಮದುವೆಯ ದಿನ ಧಾರೆಗೆ ಇದನ್ನೇ ಹಾಕಬೇಕಂತೆ, ಅತ್ತೆಯ ಆಸೆ." ಭುಜದ ಹೊಲಿಗೆಯನ್ನು ಬೆರಳಿನಿಂದ ತೋರಿಸಿದಳು. "ಅಳತೆಗೆ ಇಟ್ಟ ರವಿಕೆಯೇ ಬಿಗಿ ಇತ್ತಲ್ಲ ಅಕ್ಕ."

"ಹೌದು."

"ನಿನಗೆ ಗೊತ್ತಿತ್ತಾ?"

"ಗೊತ್ತಿದ್ದೇ ತೆಗೆದದ್ದು" ಎಂದೆ.

ಅವಳು ಕಿಟಕಿಯ ಹೊರಗೆ ನೋಡಿದಳು. ಕೆಳಗೆ ರಸ್ತೆಯಲ್ಲಿ ಹೂವಿನ ಅಂಗಡಿಯವನು ಯಾರನ್ನೋ ಕೂಗುತ್ತಿದ್ದ. ನಾನು ರವಿಕೆಯನ್ನು ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿದೆ. ಕ್ಲಾಂಗಿನ ಟೈಲರ್ ಹೊಲಿಗೆಯ ಆಚೆ ಎರಡೂ ಕಡೆ ಬಟ್ಟೆ ಬಿಟ್ಟಿದ್ದರು. ದೊಡ್ಡದು ಮಾಡಲಿಕ್ಕೆ ಆಗುತ್ತದೆ.

"ಯಾವಾಗ ಸಿಗ್ತದೆ?" ಎಂದು ಕೇಳಿದಳು, ಗಿರಾಕಿಗಳು ಕೇಳುವ ಹಾಗೆ.

ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿದೆ. ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಎತ್ತಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದೆ.

"ಕೂತ್ಕೋ. ಈಗಲೇ ಕೊಡ್ತೇನೆ."

ಅವಳು ಕೂತಳು. ನಾನು ಮೊದಲ ಹೊಲಿಗೆ ಬಿಚ್ಚಿದೆ.